ಗಾಯಕರ ಕೀರ್ತಿಗೆ ಆಯುಷ್ಯ ಎಷ್ಟು?

ಯುಗಾದಿಯಾಗಲಿ, ದೀಪಾವಳಿಯಾಗಲಿ, ನಮ್ಮ ಸಂಘದ ಕಾರ್ಯಕ್ರಮದ ಸಿದ್ಧತೆಗೆಂದು ಸಭೆ ಸೇರಿದಾಗ ತಪ್ಪದೆ ಏಳುವ ಚರ್ಚೆಯೊಂದಿದೆ. ಯಾರ ಹಾಡು ಹಾಡಿಸೋಣ? ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿಗೆ ಬಂದ ಹಿರಿಯರು ಪಿ. ಕಾಳಿಂಗರಾಯರ ಹೆಸರು ಹೇಳುತ್ತಾರೆ. ಎಂಬತ್ತರ ದಶಕದ ಕೊನೆಗೆ ಬಂದ ನನ್ನಂಥವರು ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ರಾಜನ್-ನಾಗೇಂದ್ರ ಎನ್ನುತ್ತೇವೆ. 2000ದ ನಂತರ ಐಟಿ ಕೆಲಸದ ಮೇಲೆ ಬಂದವರಿಗೆ ‘ಮುಂಗಾರು ಮಳೆ’ಯೇ ಹಳೆಯ ಹಾಡು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಹೆಚ್ಚಿನವರಿಗೆ ಈ ಯಾವ ಹೆಸರೂ ಗೊತ್ತಿಲ್ಲ. ಗೊತ್ತಿದ್ದರೆ ಅದು ಅಪ್ಪ ಕಾರಿನಲ್ಲಿ ಹಾಕುವ ಹಾಡು, ಅಷ್ಟೆ.

ಇದನ್ನು ಲೋಕೋ ಭಿನ್ನರುಚಿಃ ಎಂದು ತಳ್ಳಿಹಾಕಬಹುದು. ಆದರೆ ಯಾವ ಗಾಯಕರ ಹೆಸರು ಯಾವ ತಲೆಮಾರಿನಲ್ಲಿ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದಕ್ಕೆ ಒಂದು ಕ್ರಮವಿದೆ. ಕಳೆದ ಇಪ್ಪತ್ತು ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರೂ ಸಮಾಜವಿಜ್ಞಾನಿಗಳೂ ಈ ಬಗ್ಗೆ ಒಳ್ಳೆಯ ಕೆಲಸ ಮಾಡಿದ್ದಾರೆ. ನಾನು ಸಂಗೀತಶಾಸ್ತ್ರ ಬಲ್ಲವನಲ್ಲ. ಮೈಸೂರಿನಲ್ಲಿ ವೈದ್ಯಕೀಯ ಓದಿ, ಇಲ್ಲಿ ಮೂವತ್ತು ವರ್ಷ ವೃದ್ಧರ ಚಿಕಿತ್ಸೆಯಲ್ಲಿ ಕಳೆದು, ಈಗ ನಿವೃತ್ತಿಯ ಬಿಡುವಿನಲ್ಲಿ ಈ ಸಂಶೋಧನೆಗಳನ್ನು ಓದುತ್ತಿರುವವನು. ಓದಿದ್ದರಿಂದಲೂ ಕಂಡದ್ದರಿಂದಲೂ ನನಗೆ ತಿಳಿದದ್ದು ಇಷ್ಟು: ಒಳ್ಳೆಯ ಹಾಡು ತನ್ನಷ್ಟಕ್ಕೆ ತಾನೇ ಉಳಿಯುತ್ತದೆ ಎಂಬ ನಮ್ಮ ನಂಬಿಕೆ ಸರಿಯಲ್ಲ. ಕೀರ್ತಿಯನ್ನು ಯಾರಾದರೂ ಕೈಯಿಂದ ಕೈಗೆ ದಾಟಿಸಬೇಕು. ದಾಟಿಸುವವರಿಲ್ಲದಿದ್ದರೆ ಎಂಥ ದೊಡ್ಡ ಗಾಯಕರ ಹೆಸರೂ ಒಂದು ತಲೆಮಾರಿಗೆ ನಿಂತುಹೋಗುತ್ತದೆ. ಹೊರನಾಡಿನಲ್ಲಿರುವ ನಮಗೆ ಇದು ಅಭಿಮಾನದ ಪ್ರಶ್ನೆ ಮಾತ್ರವಲ್ಲ, ನಮ್ಮ ಮುಪ್ಪಿನ ಪ್ರಶ್ನೆಯೂ ಹೌದು. ಅದು ಹೇಗೆಂಬುದನ್ನು ಲೇಖನದ ಕೊನೆಯ ಭಾಗದಲ್ಲಿ ವಿವರಿಸುತ್ತೇನೆ.

ಹದಿಹರೆಯದ ಕಿವಿ

ನಾನು ಇಲ್ಲಿ ಕೆಲಸಕ್ಕೆ ಸೇರಿದಾಗ ನಮ್ಮ ವಾರ್ಡಿನಲ್ಲಿದ್ದ ಎಂಬತ್ತು ವರ್ಷದವರು 1908ರ ಆಸುಪಾಸಿನಲ್ಲಿ ಹುಟ್ಟಿದವರು. ಸಂಜೆ ಹೊತ್ತು ದಾದಿಯರು ಕ್ಯಾಸೆಟ್ ಹಾಕಿದರೆ ಗ್ರೇಸಿ ಫೀಲ್ಡ್ಸ್ ಹಾಡಿಗೆ ಅವರ ಮುಖ ಅರಳುತ್ತಿತ್ತು. ನಾನು ನಿವೃತ್ತನಾಗುವ ಹೊತ್ತಿಗೆ ಅದೇ ವಯಸ್ಸಿನವರು 1938ರ ಸುಮಾರಿಗೆ ಹುಟ್ಟಿದವರಾಗಿದ್ದರು. ಅವರಿಗೆ ಎಲ್ವಿಸ್ ಪ್ರೀಸ್ಲಿ ಬೇಕು, ಕ್ಲಿಫ್ ರಿಚರ್ಡ್ ಬೇಕು. ವಯಸ್ಸು ಅದೇ, ಕಾಯಿಲೆಗಳೂ ಅವೇ, ಹಾಡು ಮಾತ್ರ ಬೇರೆ. ವಯಸ್ಸಾದಂತೆ ಜನ ಹಳೆಯ ಸಂಗೀತದತ್ತ ವಾಲುತ್ತಾರೆ ಎಂದು ನಾವು ಹೇಳುವುದುಂಟು. ನಾನು ಕಂಡದ್ದು ಬೇರೆ: ಅವರು ವಾಲುವುದು ತಮ್ಮ ಹದಿನೈದು-ಇಪ್ಪತ್ತರ ವಯಸ್ಸಿನ ಸಂಗೀತದತ್ತ. ಅದು ಶಾಸ್ತ್ರೀಯವೇ, ಆ ಕಾಲದ ಸಿನಿಮಾ ಹಾಡೇ ಎಂಬುದು ಮುಖ್ಯವಲ್ಲ.

ಮನಶ್ಶಾಸ್ತ್ರದಲ್ಲಿ ಇದಕ್ಕೆ ‘ನೆನಪಿನ ಉಬ್ಬು’ ಎಂದು ಕರೆಯಬಹುದಾದ ಪರಿಕಲ್ಪನೆಯಿದೆ. ವಯಸ್ಸಾದವರಿಗೆ ತಮ್ಮ ಬದುಕಿನ ಘಟನೆಗಳನ್ನು ನೆನೆಸಿಕೊಳ್ಳಲು ಹೇಳಿ, ಅವು ಯಾವ ವಯಸ್ಸಿನವು ಎಂದು ಗುರುತಿಸಿ ನಕ್ಷೆ ಬರೆದರೆ, ಸುಮಾರು ಹತ್ತರಿಂದ ಮೂವತ್ತು ವರ್ಷದ ನಡುವೆ ಒಂದು ಗುಡ್ಡ ಎದ್ದು ಕಾಣುತ್ತದೆ. ಸಂಗೀತದ ವಿಷಯದಲ್ಲಿ ಈ ಗುಡ್ಡ ಹದಿಹರೆಯದ ಕಡೆಗೆ ಇನ್ನಷ್ಟು ಸರಿದಿರುತ್ತದೆ. ಕಾರಣಗಳು ಹಲವು. ಮನೆ ಬಿಡುವುದು, ಸ್ನೇಹ, ಮೊದಲ ಪ್ರೀತಿ, ಮೊದಲ ಸಂಬಳ ಎಲ್ಲವೂ ಆ ಕಾಲದಲ್ಲಿ ಮೊದಲ ಸಲ ಆಗುವಂಥವು. ಹೊಸತಾದದ್ದು ಮಿದುಳಿನಲ್ಲಿ ಆಳವಾಗಿ ಅಚ್ಚಾಗುತ್ತದೆ. ನಾನು ಯಾರು ಎಂಬ ಪ್ರಶ್ನೆಗೆ ಉತ್ತರ ಕಟ್ಟಿಕೊಳ್ಳುವ ಕಾಲವೂ ಅದೇ. ಆಗ ಕೇಳಿದ ಹಾಡು ಆ ಉತ್ತರದ ಭಾಗವಾಗಿಬಿಡುತ್ತದೆ. ಮುಂದೆ ಆ ಕಾಲದ ಕಥೆಗಳನ್ನು ಮತ್ತೆ ಮತ್ತೆ ಹೇಳಿಕೊಳ್ಳುವುದರಿಂದ ನೆನಪು ಗಟ್ಟಿಯಾಗುತ್ತದೆ.

ಇದಕ್ಕೆ ನಮ್ಮದೇ ಒಂದು ಉದಾಹರಣೆ ಕೊಡುತ್ತೇನೆ. ಡಾ. ರಾಜ್‌ಕುಮಾರ್ ಅವರಿಗೆ ದೀರ್ಘಕಾಲ ಹಿನ್ನೆಲೆ ದನಿಯಾಗಿದ್ದವರು ಪಿ.ಬಿ. ಶ್ರೀನಿವಾಸ್. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ, ಎಮ್ಮೆಯ ಮೇಲೆ ಕೂತು ಹಾಡುವ ಆ ಪ್ರಸಿದ್ಧ ಹಾಡನ್ನು ರಾಜ್‌ಕುಮಾರ್ ತಾವೇ ಹಾಡಿದರು. ಅದಾದ ಮೇಲೆ ತಮ್ಮ ಹಾಡುಗಳಿಗೆ ತಾವೇ ದನಿಯಾದರು. ಈಗ ಒಂದೇ ಮನೆಯ ಅಣ್ಣ-ತಮ್ಮಂದಿರನ್ನು ಕೇಳಿ ನೋಡಿ. 1950ರಲ್ಲಿ ಹುಟ್ಟಿದ ಅಣ್ಣನಿಗೆ ರಾಜ್‌ಕುಮಾರ್ ಅವರ ನಿಜವಾದ ದನಿ ಪಿ.ಬಿ.ಎಸ್. ಅವರದು. 1962ರಲ್ಲಿ ಹುಟ್ಟಿದ ತಮ್ಮನಿಗೆ ರಾಜ್‌ಕುಮಾರ್ ಅವರದೇ ದನಿ ನಿಜ, ಪಿ.ಬಿ.ಎಸ್. ಹಳೆಯ ಕಾಲದವರು. ಇಬ್ಬರ ನಡುವೆ ಹನ್ನೆರಡೇ ವರ್ಷ. ಪಿ.ಬಿ.ಎಸ್. ಅವರ ಗಾಯನದಲ್ಲಿ ಯಾವ ಕೊರತೆಯೂ ಬಂದಿರಲಿಲ್ಲ. ಬದಲಾದದ್ದು ಕೇಳುವ ಹುಡುಗರ ಹುಟ್ಟಿದ ವರ್ಷ.

ಎರಡು ವೇಗದ ಮರೆವು

ಒಬ್ಬೊಬ್ಬರ ನೆನಪು ಹೀಗಾದರೆ, ಇಡೀ ಸಮಾಜದ ನೆನಪು ಹೇಗೆ ಇಳಿಯುತ್ತದೆ? 2019ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಈ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ಹಾಡು, ಸಿನಿಮಾ, ವಿಜ್ಞಾನ ಪ್ರಬಂಧ, ಪೇಟೆಂಟ್, ಪ್ರಸಿದ್ಧರ ಜೀವನ ಚರಿತ್ರೆ ಇವುಗಳತ್ತ ಜನರ ಗಮನ ಕಾಲ ಕಳೆದಂತೆ ಹೇಗೆ ಕಡಿಮೆಯಾಗುತ್ತದೆ ಎಂದು ಸಂಶೋಧಕರು ಅಳೆದರು. ಎಲ್ಲದರಲ್ಲೂ ಒಂದೇ ಆಕಾರದ ನಕ್ಷೆ ಕಂಡಿತು: ಮೊದಲು ಕಡಿದಾದ ಇಳಿತ, ಆಮೇಲೆ ಉದ್ದನೆಯ ನಿಧಾನ ಇಳಿತ.

ಆ ನಕ್ಷೆ ನೋಡಿದರೆ ಯಾವ ವೈದ್ಯನಿಗೂ ಔಷಧಶಾಸ್ತ್ರದ ಪಾಠ ನೆನಪಾದೀತು. ರಕ್ತನಾಳಕ್ಕೆ ಚುಚ್ಚಿದ ಹಲವು ಔಷಧಗಳ ಮಟ್ಟ ರಕ್ತದಲ್ಲಿ ಮೊದಲು ಬೇಗ ಇಳಿಯುತ್ತದೆ. ಔಷಧ ದೇಹದಿಂದ ಹೊರಗೆ ಹೋಗಿರುವುದಿಲ್ಲ. ರಕ್ತದಿಂದ ಸ್ನಾಯು, ಕೊಬ್ಬು ಮುಂತಾದ ಅಂಗಾಂಶಗಳಿಗೆ ಹಂಚಿಹೋಗಿರುತ್ತದೆ. ಹಾಗೆ ಅಂಗಾಂಶಗಳಲ್ಲಿ ಸೇರಿಕೊಂಡದ್ದು ಮುಂದೆ ಬಹುಕಾಲ, ನಿಧಾನವಾಗಿ ಕರಗುತ್ತದೆ. ಕೀರ್ತಿಯ ಕಥೆಯೂ ಹೀಗೆಯೇ. ಮೊದಲ ಹಂತ ಬಾಯಿಮಾತಿನದು: ಜನ ಮಾತಾಡುವುದು, ಗುನುಗುವುದು, ರೇಡಿಯೋದಲ್ಲಿ ಬರುವುದು. ಎರಡನೆಯ ಹಂತ ದಾಖಲೆಯದು: ಧ್ವನಿಮುದ್ರಣ, ಪುಸ್ತಕ, ಶಿಷ್ಯರು, ಉತ್ಸವ, ಶಾಲೆಯ ಪಾಠ. ಆ ಅಧ್ಯಯನದ ಪ್ರಕಾರ ಪ್ರಸಿದ್ಧರ ಜೀವನದ ಬಗ್ಗೆ ಬಾಯಿಮಾತಿನ ಹಂತ 20ರಿಂದ 30 ವರ್ಷ ನಡೆಯುತ್ತದೆ. ಹಾಡಿಗೆ ಅದು ಎಲ್ಲಕ್ಕಿಂತ ಕಡಿಮೆ, ಐದೂವರೆ ವರ್ಷ ಚಿಲ್ಲರೆ. ಅಲ್ಲಿ ಬಳಸಿದ ಮಾಹಿತಿ ಬಹುಪಾಲು ಪಾಶ್ಚಾತ್ಯ ಮೂಲದ್ದು. ನಮ್ಮ ದಾಸರ ಪದಕ್ಕೋ ಜನಪದ ಗೀತೆಗೋ ಅದೇ ಅಂಕಿಯನ್ನು ಹಚ್ಚಲಾಗದು. ಆದರೆ ನಕ್ಷೆಯ ಆಕಾರ ನಮಗೂ ಒಪ್ಪುವಂತಿದೆ.

ಇದರಿಂದ ಕಲಿಯಬೇಕಾದ್ದು ಒಂದಿದೆ. ಗಾಯಕರು ಜನಪ್ರಿಯತೆಯ ತುದಿಯಲ್ಲಿದ್ದಾಗ ಅವರ ಮುಂದಿನ ಗತಿ ತಿಳಿಯುವುದಿಲ್ಲ. ಬಾಯಿಮಾತು ಇಳಿದ ಮೇಲೆ ಅಂಗಾಂಶದಲ್ಲಿ ಎಷ್ಟು ಸೇರಿಕೊಂಡಿತು ಎಂಬುದೇ ಮುಖ್ಯ. ಬ್ರಿಟನ್ನಿನ ಇಬ್ಬರು ಗಾಯಕಿಯರನ್ನು ನೋಡಿ. ಲ್ಯಾಂಕಶೈರಿನ ರಾಚ್‌ಡೇಲ್ ಊರಿನ ಗ್ರೇಸಿ ಫೀಲ್ಡ್ಸ್ 1930ರ ದಶಕದಲ್ಲಿ ಈ ದೇಶದ ಅತಿ ಹೆಚ್ಚು ಸಂಭಾವನೆಯ ತಾರೆಯರಲ್ಲಿ ಒಬ್ಬರು. ಇಂದಿನ ಇಂಗ್ಲಿಷ್ ಯುವಕರಲ್ಲಿ ಆಕೆಯ ಹೆಸರು ಬಲ್ಲವರು ಅಪರೂಪ. ಅವರಿಗಿಂತ ಸುಮಾರು ಇಪ್ಪತ್ತು ವರ್ಷ ಕಿರಿಯರಾದ ವೆರಾ ಲಿನ್ 1939ರಲ್ಲಿ ಹಾಡಿದ ‘ವಿ ವಿಲ್ ಮೀಟ್ ಅಗೇನ್’ ಮಾತ್ರ ಶಾಲೆಯ ಮಕ್ಕಳಿಗೂ ಗೊತ್ತು. 2009ರಲ್ಲಿ, 92ನೆಯ ವಯಸ್ಸಿನಲ್ಲಿ, ಅವರ ಹಳೆಯ ಹಾಡುಗಳ ಸಂಕಲನ ಬ್ರಿಟಿಷ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 2020ರ ಏಪ್ರಿಲ್‌ನಲ್ಲಿ ಕೊರೋನಾ ಕಾಲದ ತಮ್ಮ ಭಾಷಣವನ್ನು ರಾಣಿ ಎಲಿಜಬೆತ್ ಆ ಹಾಡನ್ನು ನೆನಪಿಸುವ ಮಾತಿನಿಂದಲೇ ಮುಗಿಸಿದರು. ಇಬ್ಬರ ಕಂಠದಲ್ಲಿ ಯಾರದು ಮೇಲು ಎಂದು ತೂಗುವುದರಿಂದ ಈ ವ್ಯತ್ಯಾಸ ಅರ್ಥವಾಗದು. ವೆರಾ ಲಿನ್ ಹಾಡು ಯುದ್ಧದ ಸ್ಮರಣೆಗೆ ಅಂಟಿಕೊಂಡಿತು. ಪ್ರತಿ ವರ್ಷದ ಸ್ಮರಣೆಯ ಸಮಾರಂಭಗಳು ಅದನ್ನು ಹೊತ್ತು ಸಾಗಿದವು. ಫೀಲ್ಡ್ಸ್ ಹಾಡಿಗೆ ಅಂಥ ವಾಹನ ಸಿಗಲಿಲ್ಲ.

ಗುಣವೆಷ್ಟು, ಅದೃಷ್ಟವೆಷ್ಟು

ಹಾಗಾದರೆ ಗುಣಕ್ಕೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಇದನ್ನು ಪ್ರಯೋಗದಿಂದಲೇ ಪರೀಕ್ಷಿಸಿದ್ದಾರೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಯಾರಿಗೂ ಪರಿಚಯವಿಲ್ಲದ ತಂಡಗಳ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದಿಟ್ಟರು. ಕೆಲವರಿಗೆ ಹಾಡು ಮಾತ್ರ ಕಾಣುತ್ತಿತ್ತು. ಉಳಿದವರನ್ನು ಎಂಟು ಬೇರೆ ಬೇರೆ ಗುಂಪುಗಳಿಗೆ ಹಂಚಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂಬುದನ್ನೂ ತೋರಿಸಿದರು.

ಫಲಿತಾಂಶ ಕುತೂಹಲಕರ. ಇತರರ ಆಯ್ಕೆ ಕಾಣುತ್ತಿದ್ದ ಗುಂಪುಗಳಲ್ಲಿ ಜನಪ್ರಿಯ ಹಾಡು ಇನ್ನಷ್ಟು ಜನಪ್ರಿಯವಾಯಿತು, ಹಿಂದೆ ಬಿದ್ದದ್ದು ಇನ್ನಷ್ಟು ಹಿಂದೆ ಬಿತ್ತು. ಆದರೆ ಯಾವ ಹಾಡು ಗೆಲ್ಲುತ್ತದೆ ಎಂಬುದು ಗುಂಪಿನಿಂದ ಗುಂಪಿಗೆ ಬದಲಾಯಿತು. ಒಂದೇ ಹಾಡು ಒಂದು ಗುಂಪಿನಲ್ಲಿ ಮೊದಲ ಸ್ಥಾನ, ಇನ್ನೊಂದರಲ್ಲಿ ನಲವತ್ತನೆಯ ಸ್ಥಾನ ಪಡೆಯಿತು. ಅತ್ಯುತ್ತಮ ಎನಿಸಿದ್ದು ಪೂರ್ತಿ ಸೋಲುವುದು ಅಪರೂಪ, ತೀರ ಕಳಪೆಯದು ಗೆಲ್ಲುವುದೂ ಅಪರೂಪ. ನಡುವಿನ ದೊಡ್ಡ ಗುಂಪಿಗೆ ಮಾತ್ರ ಏನು ಬೇಕಾದರೂ ಆಗಬಹುದಿತ್ತು. ಗುಣ ಬಾಗಿಲವರೆಗೆ ಕರೆತರುತ್ತದೆ. ಒಳಗೆ ಕರೆದು ಕೂರಿಸುವುದು ಅಕ್ಕಪಕ್ಕದವರ ಮಾತು.

ಧಾರವಾಡದ ಎರಡು ಕಥೆ

ಇಷ್ಟು ತಿಳಿದುಕೊಂಡು ನಮ್ಮ ಕಡೆಯ ಸಂಗೀತಗಾರರನ್ನು ನೋಡೋಣ.

ಕುಂದಗೋಳದ ರಾಮಭಾವು ಸವಾಯಿ ಗಂಧರ್ವರು 1886ರಲ್ಲಿ ಹುಟ್ಟಿದವರು, ಅಬ್ದುಲ್ ಕರೀಂ ಖಾನರ ಶಿಷ್ಯರು. ಮರಾಠಿ ರಂಗಭೂಮಿಯಲ್ಲಿ ಅವರು ಮಾಡುತ್ತಿದ್ದ ಪಾತ್ರಗಳಿಗೂ ಹಾಡುಗಳಿಗೂ ಜನ ಮುಗಿಬೀಳುತ್ತಿದ್ದ ಕಾಲವಿತ್ತು. 1952ರಲ್ಲಿ ಅವರು ತೀರಿಕೊಂಡರು. ಅವರ ಧ್ವನಿಮುದ್ರಣಗಳು ಹಳೆಯ ಗ್ರಾಮಫೋನ್ ತಟ್ಟೆಗಳ ಕಾಲದವು. ಇಂದು ಅವನ್ನು ಹುಡುಕಿ ಕೇಳುವವರು ಕೆಲವರು ಮಾತ್ರ. ಬಾಯಿಮಾತಿನ ಲೆಕ್ಕದಲ್ಲಿ ಆ ಹೆಸರು ಎಂದೋ ಮರೆಯಾಗಬೇಕಿತ್ತು. ಆದರೆ ಅವರ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಗುರುವಿನ ಹೆಸರಿನಲ್ಲಿ ಉತ್ಸವ ಆರಂಭಿಸಿದರು. ಇಂದು ಆ ಉತ್ಸವಕ್ಕೆ ಗುರು-ಶಿಷ್ಯರಿಬ್ಬರ ಹೆಸರೂ ಇದೆ. ಡಿಸೆಂಬರ್ ಬಂತೆಂದರೆ ‘ಸವಾಯಿ’ಗೆ ಹೋಗುತ್ತೀರಾ ಎಂದು ಇಪ್ಪತ್ತರ ಹುಡುಗರೂ ಕೇಳುತ್ತಾರೆ. ಅವರು ಕೇಳುತ್ತಿರುವುದು ಉತ್ಸವದ ಬಗ್ಗೆ. ದನಿ ಹಿಂದೆ ಸರಿಯಿತು, ಹೆಸರು ಮಾತ್ರ ಏಳು ದಶಕ ದಾಟಿ ಬಂತು. ದಾಟಿಸಿದವನು ಒಬ್ಬ ಶಿಷ್ಯ.

ಮಲ್ಲಿಕಾರ್ಜುನ ಮನ್ಸೂರರದು ಇನ್ನೊಂದು ಬಗೆ. 1910ರಲ್ಲಿ ಧಾರವಾಡದ ಹತ್ತಿರದ ಮನ್ಸೂರಿನಲ್ಲಿ ಹುಟ್ಟಿದ ಅವರು ಮೊದಲು ನೀಲಕಂಠಬುವಾ ಅವರಲ್ಲಿ, ಆಮೇಲೆ ಜೈಪುರ-ಅತ್ರೌಲಿ ಘರಾನೆಯ ಮಂಜಿಖಾನ್, ಬುರ್ಜಿಖಾನ್ ಅವರಲ್ಲಿ ಕಲಿತರು. 1930ರ ದಶಕದಲ್ಲೇ ಅವರ ತಟ್ಟೆಗಳು ಬಂದಿದ್ದವು. ಆದರೂ ಪದ್ಮಶ್ರೀ ಬಂದದ್ದು 1970ರಲ್ಲಿ, ಅರವತ್ತರ ಹೊಸ್ತಿಲಲ್ಲಿ. 1976ರಲ್ಲಿ ಪದ್ಮಭೂಷಣ, ತೀರಿಕೊಂಡ ವರ್ಷವಾದ 1992ರಲ್ಲಿ ಪದ್ಮವಿಭೂಷಣ. ದೇಶ ಅವರನ್ನು ಮಹಾಗಾಯಕರೆಂದು ಕೊಂಡಾಡಿದ್ದು ಅವರ ಬದುಕಿನ ಕೊನೆಯ ಇಪ್ಪತ್ತು ವರ್ಷಗಳಲ್ಲಿ.

ಇದಕ್ಕೆ ಅವರ ಸಾಧನೆ ಮಾಗಿದ್ದು ಒಂದು ಕಾರಣವಿರಬಹುದು. ಕೇಳುಗರು ಬದಲಾದದ್ದೂ ಕಾರಣವೆಂಬುದು ನನ್ನ ಅನಿಸಿಕೆ. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು-ಮೂರೂವರೆ ನಿಮಿಷದ ಸಂಗೀತ. ಅಪರೂಪದ ರಾಗಗಳನ್ನು ಎತ್ತಿಕೊಂಡು ಉಸಿರು ಬಿಡದಂತೆ ಹೆಣೆಯುತ್ತ ಹೋಗುವ ಗಾಯನವನ್ನು ಅಷ್ಟರಲ್ಲಿ ತೋರಿಸಲಾಗದು. ಮುಂದೆ ಮಗ್ಗುಲಿಗೆ ಇಪ್ಪತ್ತು ನಿಮಿಷ ಹಿಡಿಯುವ ದೀರ್ಘ ತಟ್ಟೆಗಳು ಬಂದವು. ಆಕಾಶವಾಣಿಯ ರಾತ್ರಿಯ ಕಚೇರಿಗಳು ಬಂದವು. ಅವುಗಳನ್ನು ಕೇಳಿ ಬೆಳೆದ ಹುಡುಗರು ಎಪ್ಪತ್ತರ ದಶಕದಲ್ಲಿ ಸಭೆಯ ಮುಂದಿನ ಸಾಲಿಗೆ ಬಂದರು. ಮನ್ಸೂರರಿಗೆ ಬೇಕಾಗಿದ್ದ ಕಿವಿ ಅವರಿಗಿಂತ ಮೂವತ್ತು ವರ್ಷ ತಡವಾಗಿ ಹುಟ್ಟಿತ್ತು. ಕಾಯುವಷ್ಟು ಆಯುಷ್ಯ ಅವರಿಗಿತ್ತು ಎಂಬುದು ನಮ್ಮ ಪುಣ್ಯ.

ಹೊಸ ಕಂಠದಲ್ಲಿ ಹಳೆಯ ಪದ

ಶಾಸ್ತ್ರೀಯ ಸಂಗೀತಕ್ಕೆ ಶಿಷ್ಯಪರಂಪರೆಯೆಂಬ ಬೇಲಿಯಿದೆ. ಸುಗಮ ಸಂಗೀತಕ್ಕೆ ಅದಿಲ್ಲ. ಅಲ್ಲಿ ಹೆಸರುಗಳು ಬೇಗ ಏರುತ್ತವೆ, ಬೇಗ ಇಳಿಯುತ್ತವೆ.

1914ರಲ್ಲಿ ಹುಟ್ಟಿದ ಕಾಳಿಂಗರಾಯರು ಕನ್ನಡ ಕವಿತೆಯನ್ನು ಪುಸ್ತಕದಿಂದ ಎತ್ತಿ ಬೀದಿಗೆ ತಂದವರು. ಮೋಹನಕುಮಾರಿ, ಸೋಹನಕುಮಾರಿ ಅವರೊಡನೆ ಊರೂರು ತಿರುಗಿ, ಏಕೀಕರಣದ ಕಾಲದ ಸಭೆಗಳಲ್ಲಿ ಹಾಡಿ, ಒಂದು ಇಡೀ ತಲೆಮಾರಿಗೆ ಭಾವಗೀತೆಯ ರುಚಿ ಹತ್ತಿಸಿದರು. 1981ರಲ್ಲಿ ಅವರು ತೀರಿಕೊಂಡಾಗ ಹದಿನೈದಾಗಿದ್ದವರಿಗೆ ಈಗ ಅರವತ್ತು ಸಮೀಪಿಸಿದೆ. ಅವರಿಗಿಂತ ಕಿರಿಯರಲ್ಲಿ ಕಾಳಿಂಗರಾಯರ ದನಿಯನ್ನು ಗುರುತಿಸುವವರು ವಿರಳ. ಆದರೆ ಅವರು ತುಳಿದ ದಾರಿಯಲ್ಲೇ ಅನಂತಸ್ವಾಮಿ, ಅಶ್ವತ್ಥ್ ನಡೆದರು. ಅಲ್ಲಿ ಉಳಿದದ್ದು ಹೆಸರಿಗಿಂತ ಹೆಚ್ಚಾಗಿ ಮಾದರಿ.

ಅನಂತಸ್ವಾಮಿಯವರದು ಇನ್ನೂ ವಿಚಿತ್ರ ಸ್ಥಿತಿ. ಕುವೆಂಪು ಅವರ ನಾಡಗೀತೆಗೆ ಅವರ ರಾಗಸಂಯೋಜನೆಯೂ ಇತ್ತು, ಅಶ್ವತ್ಥ್ ಅವರದೂ ಇತ್ತು. ಯಾವುದು ಅಧಿಕೃತ ಎಂಬ ಚರ್ಚೆ ಹಲವು ವರ್ಷ ನಡೆದು, 2022ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶಿಸಿತು. ಶಾಲೆಯ ಪ್ರಾರ್ಥನೆಗಿಂತ ಬಲವಾದ ವಾಹನ ಇನ್ನೊಂದಿಲ್ಲ. 1995ರಲ್ಲಿ ತೀರಿಕೊಂಡವರ ಸ್ವರ ಇಂದು ಲಕ್ಷಾಂತರ ಮಕ್ಕಳ ಬಾಯಲ್ಲಿದೆ, ನಮ್ಮ ಇಲ್ಲಿನ ಸಮಾರಂಭಗಳಲ್ಲೂ ಇದೆ. ಆದರೆ ಹಾಡುವ ಮಗುವನ್ನು ಇದಕ್ಕೆ ರಾಗ ಹಾಕಿದವರು ಯಾರು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಸವಾಯಿ ಗಂಧರ್ವರ ವಿಷಯದಲ್ಲಿ ದನಿ ಸರಿದು ಹೆಸರು ಉಳಿಯಿತು. ಇಲ್ಲಿ ಸ್ವರ ಉಳಿದು ಹೆಸರು ಸರಿಯುತ್ತಿದೆ. ಎರಡೂ ಒಟ್ಟಿಗೆ ದಾಟುವುದು ತಾನಾಗಿ ಆಗುವ ಕೆಲಸವಲ್ಲ.

ಇಳಿದದ್ದು ಮತ್ತೆ ಏರುವುದೂ ಉಂಟು. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡವರು. ಅವರ ಪದಗಳು ಉತ್ತರ ಕರ್ನಾಟಕದ ಭಜನೆಯ ಗುಂಪುಗಳಲ್ಲಿ ಬಾಯಿಂದ ಬಾಯಿಗೆ ಹರಿದುಬಂದಿದ್ದವು. ಅಶ್ವತ್ಥ್ ಅವುಗಳನ್ನು ಹಾಡಿ, 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೂ ಸಂಗೀತ ಕೊಟ್ಟು, ನಾಡಿನ ಉದ್ದಗಲಕ್ಕೆ ಮುಟ್ಟಿಸಿದರು. ನಂತರದ ತಲೆಮಾರಿನಲ್ಲಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರ ತಮ್ಮ ಮೊದಲ ಸಂಕಲನದಲ್ಲೇ ಶರೀಫರ ಪದವನ್ನು ಗಿಟಾರಿನ ಜೊತೆ ಹಾಡಿದರು. 2011ರಲ್ಲಿ ಇಲ್ಲಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಯನ್ನೂ ಏರಿದರು. ಇಂಗ್ಲೆಂಡಿನಲ್ಲಿ ಹುಟ್ಟಿದ ನಮ್ಮ ಎಷ್ಟೋ ಮಕ್ಕಳು ಶರೀಫರನ್ನು ಕೇಳಿದ್ದು ಆ ಗಿಟಾರಿನ ಮೂಲಕ.

ಇಂಥ ಮರುಹುಟ್ಟು ಇಂಗ್ಲಿಷರಲ್ಲೂ ಇದೆ. ಕೇಟ್ ಬುಷ್ ಅವರ ‘ರನಿಂಗ್ ಅಪ್ ದಟ್ ಹಿಲ್’ 1985ರಲ್ಲಿ ಬ್ರಿಟಿಷ್ ಪಟ್ಟಿಯ ಮೂರನೆಯ ಸ್ಥಾನಕ್ಕೆ ಹೋಗಿ ನಿಂತಿತ್ತು. 2022ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯಲ್ಲಿ ಬಳಕೆಯಾದ ಮೇಲೆ, 37 ವರ್ಷದ ನಂತರ, ಮೊದಲ ಸ್ಥಾನಕ್ಕೇರಿತು. ಏರಿಸಿದವರಲ್ಲಿ ಬಹಳಷ್ಟು ಮಂದಿ ಆ ಹಾಡು ಬಂದಾಗ ಹುಟ್ಟಿರಲೇ ಇಲ್ಲ. ಅವರಿಗೆ ಅದು ಹಳೆಯ ಹಾಡಾಗಿರಲಿಲ್ಲ, ಕಥೆಯಲ್ಲಿನ ಹುಡುಗಿಯ ಸಂಕಟದ ಹಾಡಾಗಿತ್ತು. ಇವೆರಡರಲ್ಲೂ ಸಮಾನ ಅಂಶವಿದೆ: ಹಿರಿಯರು ಇದು ಶ್ರೇಷ್ಠ, ಕೇಳು ಎಂದು ಹೇಳಿದ್ದರಿಂದ ಹಾಡು ಮರುಹುಟ್ಟು ಪಡೆಯಲಿಲ್ಲ. ಕಿರಿಯರಿಗೆ ಅದು ತಮ್ಮ ಕೆಲಸಕ್ಕೆ ಬಂತು.

ಮನೆಯೇ ವಾಹನ

ಹಾಗಾದರೆ ಹೆತ್ತವರು ಸುಮ್ಮನಿರಬೇಕೆ? ಬೇಡ. 2013ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕರೋಲ್ ಕ್ರಂಹ್ಯಾನ್ಸಲ್ ಮತ್ತು ಜಸ್ಟಿನ್ ಜುಪ್ನಿಕ್ ಒಂದು ಸೊಗಸಾದ ಅಧ್ಯಯನ ಪ್ರಕಟಿಸಿದರು. ಇಪ್ಪತ್ತರ ಆಸುಪಾಸಿನ 62 ವಿದ್ಯಾರ್ಥಿಗಳಿಗೆ 1955ರಿಂದ 2009ರವರೆಗಿನ ಪ್ರತಿ ವರ್ಷದ ಅತಿ ಜನಪ್ರಿಯ ಹಾಡುಗಳ ತುಣುಕುಗಳನ್ನು ಕೇಳಿಸಿ, ಯಾವುದು ಪರಿಚಿತ, ಯಾವುದು ಇಷ್ಟ, ಯಾವುದು ನೆನಪು ತರುತ್ತದೆ ಎಂದು ವಿಚಾರಿಸಿದರು. ತಮ್ಮ ಕಾಲದ ಹಾಡುಗಳು ಮೇಲೆ ಬಂದದ್ದು ನಿರೀಕ್ಷಿತವೇ. ಅನಿರೀಕ್ಷಿತವೆಂದರೆ 1980ರ ದಶಕದ ಆರಂಭದ ಹಾಡುಗಳಲ್ಲಿ ಇನ್ನೊಂದು ಉಬ್ಬು ಕಂಡದ್ದು. ಅದು ಅವರ ಅಪ್ಪ-ಅಮ್ಮಂದಿರು ಇಪ್ಪತ್ತರ ಹರೆಯದಲ್ಲಿದ್ದ ಕಾಲ! 1960ರ ದಶಕದಲ್ಲಿ ಮತ್ತೊಂದು ಚಿಕ್ಕ ಉಬ್ಬೂ ಇತ್ತು. ಅದು ಅಜ್ಜ-ಅಜ್ಜಿಯರ ಪ್ರಭಾವವಿರಬಹುದೆಂದು ಸಂಶೋಧಕರ ಊಹೆ.

ಅಂದರೆ ಮನೆಯಲ್ಲಿ, ಕಾರಿನಲ್ಲಿ, ಅಡುಗೆಮನೆಯಲ್ಲಿ ಸುಮ್ಮನೆ ಕೇಳಿಬರುವ ಹಾಡು ಮಕ್ಕಳ ನೆನಪಿನಲ್ಲಿ ಜಾಗ ಹಿಡಿಯುತ್ತದೆ. ಅವರು ಆಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮುಖ ಸಿಂಡರಿಸಿದರೂ ಸರಿ. ಕರ್ನಾಟಕದಲ್ಲಿರುವ ಮಗುವಿಗೆ ಮನೆಯ ಜೊತೆ ಬೀದಿ, ಬಸ್ಸು, ಗಣೇಶನ ಪೆಂಡಾಲು, ಶಾಲೆ ಎಲ್ಲವೂ ಹಾಡು ಕೇಳಿಸುತ್ತವೆ. ನಮ್ಮ ಮಕ್ಕಳಿಗೆ ಇರುವುದು ಮನೆ ಒಂದೇ. ಇಯರ್‌ಫೋನ್ ಬಂದ ಮೇಲೆ ದೊಡ್ಡವರೂ ತಮ್ಮ ಹಾಡನ್ನು ತಮ್ಮ ಕಿವಿಯೊಳಗೇ ಇಟ್ಟುಕೊಂಡಿದ್ದೇವೆ. ಹೀಗೆ ಇರುವ ಒಂದು ವಾಹನವನ್ನೂ ನಾವೇ ಶೆಡ್ಡಿಗೆ ಸೇರಿಸುತ್ತಿದ್ದೇವೆ.

ನಮ್ಮ ಮುಪ್ಪಿಗೂ ಇದಕ್ಕೂ ಏನು ಸಂಬಂಧ?

ಈಗ ವೈದ್ಯನಾಗಿ ಹೇಳಬೇಕಾದ ಮಾತು. ಎಪ್ಪತ್ತು-ಎಂಬತ್ತರ ದಶಕಗಳಲ್ಲಿ ಬಂದ ನಮ್ಮವರು ಈಗ ಮುಪ್ಪಿನಲ್ಲಿದ್ದಾರೆ. ಕೆಲವರಿಗೆ ಮರೆವಿನ ಕಾಯಿಲೆ ಶುರುವಾಗಿದೆ. ಇಂಥವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಸಡಿಲವಾಗಿ ತಾಯ್ನುಡಿಯೊಂದೇ ಉಳಿಯುವುದನ್ನು ವೃದ್ಧರ ವೈದ್ಯರು ಆಗಾಗ ಕಾಣುತ್ತೇವೆ. ನಲವತ್ತು ವರ್ಷ ಇಂಗ್ಲಿಷಿನಲ್ಲೇ ವ್ಯವಹರಿಸಿದವರು ಕನ್ನಡದಲ್ಲಿ ಉತ್ತರಿಸತೊಡಗುತ್ತಾರೆ. ಆರೈಕೆ ಕೇಂದ್ರದ ಸಿಬ್ಬಂದಿಗೆ ಅದು ಅರ್ಥವಾಗದು.

ಅಂಥವರ ಜೊತೆ ಸೇತುವೆಯಾಗಿ ಉಳಿಯುವುದು ಸಂಗೀತ. ಹಳೆಯ ಹಾಡಿನ ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ಆಲ್ಜೈಮರ್ ಕಾಯಿಲೆಯಲ್ಲಿ ಉಳಿದ ಭಾಗಗಳಿಗಿಂತ ತಡವಾಗಿ ಹಾನಿಗೊಳಗಾಗುತ್ತವೆ ಎಂದು 2015ರಲ್ಲಿ ‘ಬ್ರೇನ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ತೋರಿಸಿದೆ. ಹಾಡು ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಆ ಭ್ರಮೆ ಬೇಡ. ಆದರೆ ಸಂಜೆಯ ಕಳವಳ ತಗ್ಗಬಹುದು, ಸ್ನಾನಕ್ಕೆ ಏಳಿಸುವುದು ಸುಲಭವಾಗಬಹುದು, ಅರ್ಧ ಗಂಟೆ ಮಗಳ ಜೊತೆ ನಗುತ್ತ ಕೂರಬಹುದು. ಅದು ಕಡಿಮೆಯೇನಲ್ಲ. ಸ್ಕಾಟ್ಲೆಂಡಿನಲ್ಲಿ 2013ರಲ್ಲಿ ಆರಂಭವಾದ ‘ಪ್ಲೇಲಿಸ್ಟ್ ಫಾರ್ ಲೈಫ್’ ಎಂಬ ಸೇವಾಸಂಸ್ಥೆ ಮರೆವಿನ ಕಾಯಿಲೆ ಇರುವವರಿಗೆ ಅವರವರದೇ ಹಾಡಿನ ಪಟ್ಟಿ ಮಾಡುವುದನ್ನೇ ಕೆಲಸವಾಗಿಸಿಕೊಂಡಿದೆ.

ತೊಂದರೆ ಎಲ್ಲಿದೆ ಎಂಬುದನ್ನು ಓದುಗರು ಊಹಿಸಿರಬಹುದು. ಕೇಂದ್ರದ ಸಿಬ್ಬಂದಿ ಒಳ್ಳೆಯ ಮನಸ್ಸಿನಿಂದಲೇ ಬೀಟಲ್ಸ್ ಹಾಕುತ್ತಾರೆ. 1965ರಲ್ಲಿ ಹಾಸನದಲ್ಲೋ ಹಾವೇರಿಯಲ್ಲೋ ಹದಿನೆಂಟು ತುಂಬಿದವರಿಗೆ ಆ ಹಾಡಿನಲ್ಲಿ ಏನೂ ಇಲ್ಲ. ಅವರಿಗೆ ಬೇಕಾದ್ದು ಪಿ.ಬಿ.ಎಸ್., ಎಸ್. ಜಾನಕಿ, ಕಾಳಿಂಗರಾಯರು. ಅದನ್ನು ಹುಡುಕಿ ಹಾಕಬೇಕಾದವರು ಮಕ್ಕಳು, ಮೊಮ್ಮಕ್ಕಳು. ಹಾಡು ಅವರ ಬೆರಳ ತುದಿಯಲ್ಲೇ ಇದೆ, ಒಂದು ಕ್ಷಣದಲ್ಲಿ ಸಿಗುತ್ತದೆ. ಆದರೆ ಹುಡುಕಲು ಹೆಸರು ಗೊತ್ತಿರಬೇಕಲ್ಲ!

ಆದ್ದರಿಂದ ನಮ್ಮ ಸದಸ್ಯರಲ್ಲಿ ನನ್ನ ಕೆಲವು ಸಲಹೆಗಳು. ಅರವತ್ತು ದಾಟಿದ ಪ್ರತಿಯೊಬ್ಬರೂ ನೆನಪು ಚೆನ್ನಾಗಿರುವಾಗಲೇ, ತಮ್ಮ ಹತ್ತರಿಂದ ಇಪ್ಪತ್ತೈದನೆಯ ವಯಸ್ಸಿನವರೆಗೆ ಕೇಳಿದ ಹತ್ತು-ಹದಿನೈದು ಹಾಡುಗಳ ಪಟ್ಟಿ ಬರೆದಿಡಬೇಕು. ಹಾಡಿದವರು, ರಾಗ ಹಾಕಿದವರು, ಚಿತ್ರದ ಹೆಸರು ಎಲ್ಲವೂ ಇರಲಿ. ಕನ್ನಡ ಓದಲಾರದ ಮೊಮ್ಮಕ್ಕಳಿಗೆಂದು ಇಂಗ್ಲಿಷ್ ಲಿಪಿಯಲ್ಲೂ ಇರಲಿ. ಯಾವ ಹಾಡು ದುಃಖ ತರುತ್ತದೆ, ಹಾಕಬಾರದು ಎಂಬುದನ್ನೂ ಬರೆಯಿರಿ, ಏಕೆಂದರೆ ಹಾಡು ನೋವನ್ನೂ ಕೆದಕಬಲ್ಲದು. ಹಾಡು ಹಾಕುವ ಮೊದಲು ಹಿರಿಯರ ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ, ಶ್ರವಣಯಂತ್ರದ ಬ್ಯಾಟರಿ ಇದೆಯೇ ನೋಡಿ. ಸಂಗೀತಕ್ಕೆ ಸ್ಪಂದಿಸುತ್ತಿಲ್ಲ ಎಂದು ಕರೆತಂದ ಎಷ್ಟೋ ಜನರಿಗೆ ಇದ್ದ ತೊಂದರೆ ಇಷ್ಟೇ.

ಸಂಘದ ಕಾರ್ಯಕ್ರಮಗಳಲ್ಲಿ ನಾವು ಹಾಡುವ ಮಗುವಿನ ಹೆಸರು ಹೇಳುತ್ತೇವೆ, ಕವಿಯ ಹೆಸರು ಹೇಳುತ್ತೇವೆ. ರಾಗ ಸಂಯೋಜಿಸಿದವರ ಹೆಸರನ್ನೂ ಮೊದಲು ಹಾಡಿದವರ ಹೆಸರನ್ನೂ ಸೇರಿಸೋಣ. ಅದಕ್ಕೆ ಹತ್ತು ಸೆಕೆಂಡು ಸಾಕು. ಮಕ್ಕಳು ಶರೀಫರ ಪದವನ್ನು ಡ್ರಮ್ಮು, ಗಿಟಾರು ಹಿಡಿದು ಹಾಡಿದರೆ, ಮೂಲ ಧಾಟಿ ಕೆಟ್ಟಿತೆಂದು ಮುಂದಿನ ಸಾಲಿನಲ್ಲಿ ಕೂತು ಗೊಣಗದಿರೋಣ. ಹಾಡು ದಾಟುವ ದಾರಿ ಅದು. ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಇಯರ್‌ಫೋನ್ ತೆಗೆದಿಟ್ಟು ಎಲ್ಲರಿಗೂ ಕೇಳುವಂತೆ ಹಾಡು ಹಾಕೋಣ, ಮಕ್ಕಳ ಹಾಡಿಗೂ ಒಂದು ಸರದಿ ಕೊಡೋಣ. ಮೂವತ್ತು ವರ್ಷದ ನಂತರ ಅವರ ಮಕ್ಕಳಿಗೆ ಆ ಹೆಸರುಗಳೂ ಬೇಕಾಗುತ್ತವೆ.